ಒಂದು ತೆರೆಯ ಆಟ, ಎರಡು ಕಣ್ಣಿನ ನೋಟ: ತೊಡಕು ಹುಡುಕುವ ಪಾಠ

ಮೊದಲು ಒಂದು ಸಣ್ಣ ಪ್ರಯೋಗ. ಕೈಯನ್ನು ಮುಂದಕ್ಕೆ ಚಾಚಿ ಹೆಬ್ಬೆರಳನ್ನು ನೆಟ್ಟಗೆ ಹಿಡಿಯಿರಿ. ಅದರ ಹಿಂದೆ ದೂರದಲ್ಲಿ ಒಂದು ತೆಂಗಿನ ಮರವೋ ಕಂಬವೋ ಇರಲಿ. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿ. ಈಗ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿ. ಹೆಬ್ಬೆರಳು ಎಡಕ್ಕೆ ಹಾರಿದ ಹಾಗೆ ಕಾಣಿಸಿತಲ್ಲವೇ? ಬೆರಳು ಅಲುಗಿಲ್ಲ, ನೋಡುವ ಜಾಗ ಬದಲಾಯಿತು, ಅಷ್ಟೇ. ದೊಡ್ಡವರ ಎರಡು ಕಣ್ಣುಪಾಪೆಗಳ ನಡುವೆ ಸರಾಸರಿ 63 ಮಿಲಿಮೀಟರ್ ಅಂತರವಿದೆ. ಆದ್ದರಿಂದ ಎರಡು ಕಣ್ಣಿಗೂ ಸ್ವಲ್ಪ ಬೇರೆ ಬೇರೆ ಚಿತ್ರ ಬೀಳುತ್ತದೆ. ಆ ವ್ಯತ್ಯಾಸದಿಂದಲೇ ಮಿದುಳು ಯಾವುದು ಹತ್ತಿರ, ಯಾವುದು ದೂರ ಎಂದು ಲೆಕ್ಕ ಹಾಕುತ್ತದೆ.

1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್ ಎಂಬ ವಿಜ್ಞಾನಿ ಎರಡು ಕನ್ನಡಿಗಳನ್ನಿಟ್ಟು ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸುವ ಸಾಧನವನ್ನು ವಿವರಿಸಿದರು. ಅದಕ್ಕೆ ಸ್ಟೀರಿಯೋಸ್ಕೋಪ್ ಎಂದು ಹೆಸರು. ಇಂದಿನ ವಿಆರ್ ಹೆಡ್‌ಸೆಟ್ ಅದರ ಮೊಮ್ಮಗು ಎನ್ನಬಹುದು. ಇದರಲ್ಲಿ ಕಣ್ಣಿಗೊಂದು ಮಸೂರ, ಕಣ್ಣಿಗೊಂದು ಚಿತ್ರ, ಜೊತೆಗೆ ತಲೆ ಎತ್ತ ತಿರುಗಿತು ಎಂದು ತಿಳಿಸುವ ಸಂವೇದಕಗಳಿವೆ.

ಈಗ ಸಮಸ್ಯೆಗೆ ಬರೋಣ. ಕಂಪ್ಯೂಟರಿನಲ್ಲಿ ನಾವು ಆಡುವ ಸಾಮಾನ್ಯ ಆಟಗಳು ಒಂದೇ ತೆರೆಗಾಗಿ ಮಾಡಿದವು. ಅವುಗಳೊಳಗೆ ಇರುವುದು ಒಂದೇ ‘ಕ್ಯಾಮೆರಾ’. ಅಂಥ ಆಟವನ್ನು ಹೆಡ್‌ಸೆಟ್ಟಿನಲ್ಲಿ ನೋಡಬೇಕಾದರೆ ಮಧ್ಯದಲ್ಲಿ ಇನ್ನೊಂದು ತಂತ್ರಾಂಶ ಬೇಕು. ವೋರ್ಪ್‌ಎಕ್ಸ್ ಅಂಥದೊಂದು. ಆಟವು ‘ಇಲ್ಲಿ ಮರ ಬರೆ, ಅಲ್ಲಿ ಮನೆ ಬರೆ’ ಎಂದು ಡೈರೆಕ್ಟ್‌ಎಕ್ಸ್ ಮೂಲಕ ಗ್ರಾಫಿಕ್ಸ್ ಕಾರ್ಡಿಗೆ ಆಜ್ಞೆ ಕಳಿಸುತ್ತದೆ. ಈ ತಂತ್ರಾಂಶ ನಡುದಾರಿಯಲ್ಲಿ ನಿಂತು ಆ ಆಜ್ಞೆಗಳನ್ನು ಹಿಡಿದು, ಕ್ಯಾಮೆರಾವನ್ನು ತುಸು ಪಕ್ಕಕ್ಕೆ ಸರಿಸಿ, ಎರಡು ಚಿತ್ರ ಬರೆಯಿಸುತ್ತದೆ. ನಾವು ತಲೆ ತಿರುಗಿಸಿದರೆ ಅದನ್ನು ಮೌಸಿನ ಚಲನೆಯಾಗಿ ಆಟಕ್ಕೆ ತಲುಪಿಸುತ್ತದೆ. ಆಟಕ್ಕೆ ಇದ್ಯಾವುದೂ ಗೊತ್ತೇ ಇರುವುದಿಲ್ಲ, ಯಾರೋ ಮೌಸ್ ಆಡಿಸುತ್ತಿದ್ದಾರೆ ಅಂದುಕೊಳ್ಳುತ್ತದೆ.

ಹೀಗೆ ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರು ನಡುವೆ ನಿಂತು ಮಾಡುವ ಕೆಲಸದಲ್ಲಿ ತೊಡಕು ಬರುವುದು ಸಹಜ. ತೊಡಕು ಹುಡುಕಲು ನಮ್ಮ ಪ್ರಯೋಗಶಾಲೆಯ ನಿಯಮವೇ ಸಾಕು: ಒಂದು ಸಲಕ್ಕೆ ಒಂದೇ ಬದಲಾವಣೆ. ಬದಲಾಯಿಸಿದ್ದನ್ನು ಪುಸ್ತಕದಲ್ಲಿ ಬರೆದಿಡಿ. ಫಲ ಸಿಗದಿದ್ದರೆ ಮೊದಲಿದ್ದ ಹಾಗೇ ಮಾಡಿ, ಮುಂದಿನದಕ್ಕೆ ಹೋಗಿ.

ತೊಡಕು 1: ಆಟ ತೆರೆಯಿತು, ಹೆಡ್‌ಸೆಟ್ಟಿನಲ್ಲಿ ಏನೂ ಇಲ್ಲ

ನಡುದಾರಿಯಲ್ಲಿ ನಿಲ್ಲಲು ತಂತ್ರಾಂಶಕ್ಕೆ ಜಾಗ ಸಿಕ್ಕಿಲ್ಲ ಎಂದು ಇದರ ಅರ್ಥ. ಕಾರಣಗಳನ್ನು ಈ ಕ್ರಮದಲ್ಲಿ ನೋಡಿ.

ಅದೇ ದಾರಿಯಲ್ಲಿ ಬೇರೆಯವರೂ ನಿಂತಿರಬಹುದು. ಸ್ಟೀಮ್, ಡಿಸ್ಕಾರ್ಡ್ ಮುಂತಾದವು ಆಟದ ಮೇಲೆ ತಮ್ಮ ಕಿಟಕಿ ತೋರಿಸಲು ಇದೇ ಉಪಾಯ ಬಳಸುತ್ತವೆ. ಅವುಗಳ ಓವರ್‌ಲೇ ಆರಿಸಿ ನೋಡಿ. ಎರಡನೆಯದು ಅನುಮತಿ. ಆಟವನ್ನು ‘ಅಡ್ಮಿನಿಸ್ಟ್ರೇಟರ್’ ಆಗಿ ನಡೆಸಿ, ತಂತ್ರಾಂಶವನ್ನು ಸಾಮಾನ್ಯವಾಗಿ ನಡೆಸಿದರೆ, ಕೆಳಗಿನ ಅಧಿಕಾರದವನು ಮೇಲಿನವನನ್ನು ಮುಟ್ಟಲು ವಿಂಡೋಸ್ ಬಿಡುವುದಿಲ್ಲ. ಎರಡಕ್ಕೂ ಒಂದೇ ಅಧಿಕಾರ ಇರಲಿ. ಮೂರನೆಯದು, ಕೆಲವು ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇರುತ್ತವೆ. ಆಟ ಸಣ್ಣದರಲ್ಲಿ ಓಡುತ್ತಿದ್ದು ಹೆಡ್‌ಸೆಟ್ ದೊಡ್ಡದಕ್ಕೆ ಸೇರಿಕೊಂಡಿದ್ದರೆ ಚಿತ್ರ ತಲುಪದೇ ಹೋಗಬಹುದು. ವಿಂಡೋಸಿನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಆಟಕ್ಕೆ ದೊಡ್ಡ ಚಿಪ್ಪನ್ನೇ ಆರಿಸಿ. ನಾಲ್ಕನೆಯದು, ಆಟದಲ್ಲಿ ಡೈರೆಕ್ಟ್‌ಎಕ್ಸ್ 11 ಮತ್ತು 12 ಎರಡೂ ಇದ್ದರೆ ಮೊದಲು 11ರಲ್ಲಿ ಪರೀಕ್ಷಿಸಿ.

ಆಂಟಿವೈರಸ್ ಕೂಡ ತಡೆಯಬಹುದು. ಇನ್ನೊಂದು ಪ್ರೋಗ್ರಾಮಿನೊಳಗೆ ನುಗ್ಗುವುದು ವೈರಸ್ಸಿನ ಲಕ್ಷಣವೂ ಹೌದಲ್ಲ! ಹಾಗಂತ ಆಂಟಿವೈರಸ್ಸನ್ನು ಪೂರ್ತಿ ಆರಿಸಿಬಿಡಬೇಡಿ. ತಯಾರಕರಿಂದಲೇ ಪಡೆದ ತಂತ್ರಾಂಶವಾದರೆ ಅದೊಂದಕ್ಕೆ ಮಾತ್ರ ವಿನಾಯಿತಿ ಕೊಡಿ. ಎಲ್ಲಿಂದಲೋ ಬಂದ ‘ಉಚಿತ’ ಪ್ರತಿಯಾದರೆ ಆಂಟಿವೈರಸ್ ಹೇಳಿದ್ದನ್ನೇ ನಂಬಿ.

ಹಲವರು ಒಟ್ಟಿಗೆ ಆಡುವ ಆನ್‌ಲೈನ್ ಆಟಗಳ ವಿಷಯ ಬೇರೆ. ಅಲ್ಲಿ ಮೋಸ ಹಿಡಿಯುವ ಕಾವಲು ಇರುತ್ತದೆ. ಅದರ ಕಣ್ಣಿಗೆ ಈ ತಂತ್ರಾಂಶವೂ ಮೋಸದಂತೆಯೇ ಕಂಡು ನಿಮ್ಮ ಖಾತೆ ಮುಚ್ಚಿಹೋಗಬಹುದು. ಅಲ್ಲಿ ಪ್ರಯೋಗವೇ ಬೇಡ.

ತೊಡಕು 2: ಆಳ ಸರಿಯಿಲ್ಲ

ಎರಡು ಚಿತ್ರ ಮಾಡಲು ಎರಡು ವಿಧಾನಗಳಿವೆ. ಮೊದಲನೆಯದು ಜಾಮೆಟ್ರಿ ವಿಧಾನ. ಇದರಲ್ಲಿ ಇಡೀ ದೃಶ್ಯವನ್ನು ಎರಡು ಸಲ ಬರೆಯಲಾಗುತ್ತದೆ. ಆಳ ನಿಜವೆನಿಸುತ್ತದೆ, ಆದರೆ ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಸುಮಾರು ಇಮ್ಮಡಿ. ಎರಡನೆಯದು ಝಡ್ ಬಫರ್ ವಿಧಾನ. ಒಂದೇ ಚಿತ್ರ ಬರೆದು, ಪ್ರತಿ ಚುಕ್ಕಿ ಎಷ್ಟು ದೂರದಲ್ಲಿದೆ ಎಂಬ ಪಟ್ಟಿ ನೋಡಿ ಚುಕ್ಕಿಗಳನ್ನು ಪಕ್ಕಕ್ಕೆ ಸರಿಸುವುದು. ಇದು ಹಗುರ. ಆದರೆ ಮುಂದಿನ ವಸ್ತು ಸರಿದಾಗ ಅದರ ಹಿಂದೆ ಏನಿತ್ತು ಎಂಬ ಮಾಹಿತಿ ಇರುವುದಿಲ್ಲ. ಅದಕ್ಕೇ ವಸ್ತುಗಳ ಅಂಚಿನಲ್ಲಿ ಕಲಸಿದಂಥ ಪಟ್ಟಿ ಕಾಣುತ್ತದೆ. ಅದು ಕೆಟ್ಟುಹೋದ ಲಕ್ಷಣವಲ್ಲ, ವಿಧಾನದ ಮಿತಿ.

ಜಾಮೆಟ್ರಿ ವಿಧಾನದಲ್ಲಿ ನೆರಳು ಅಥವಾ ನೀರಿನ ಪ್ರತಿಬಿಂಬ ಒಂದು ಕಣ್ಣಿಗೆ ಒಂದು ಕಡೆ, ಇನ್ನೊಂದಕ್ಕೆ ಇನ್ನೊಂದು ಕಡೆ ಕಂಡರೆ, ಆಟದೊಳಗೆ ಆ ಪರಿಣಾಮವನ್ನು ಒಂದೊಂದಾಗಿ ಆರಿಸಿ ನೋಡಿ. ಹತ್ತಿರದ್ದು ದೂರ, ದೂರದ್ದು ಹತ್ತಿರ ಅನ್ನಿಸಿದರೆ ನಮ್ಮ ಹೆಬ್ಬೆರಳಿನ ಪರೀಕ್ಷೆ ಮಾಡಿ. ಎಡಗಣ್ಣಿನಿಂದ ಬಲಗಣ್ಣಿಗೆ ಬಂದಾಗ ಹತ್ತಿರದ ವಸ್ತು ಎಡಕ್ಕೆ ಹಾರಬೇಕು. ಬಲಕ್ಕೆ ಹಾರಿದರೆ ಎರಡು ಚಿತ್ರ ಅದಲುಬದಲಾಗಿವೆ.

ತೊಡಕು 3: ತಲೆ ತಿರುಗಿಸಿದರೆ ಲೋಕವೇ ತೇಲುತ್ತದೆ

ಇಲ್ಲಿ ಎರಡು ಅಳತೆ ಹೊಂದಬೇಕು. ಒಂದು, ನೋಟದ ಕೋನ. 53 ಸೆಂ.ಮೀ. ಅಗಲದ ತೆರೆಯನ್ನು 60 ಸೆಂ.ಮೀ. ದೂರದಿಂದ ನೋಡಿದರೆ ಅದು ಕಣ್ಣಿನಲ್ಲಿ ಮಾಡುವ ಕೋನ ಸುಮಾರು 48 ಡಿಗ್ರಿ. ಹೆಡ್‌ಸೆಟ್ಟಿನಲ್ಲಿ ಅದು 100 ಡಿಗ್ರಿಯ ಆಸುಪಾಸು. ಆಟ 60 ಡಿಗ್ರಿಯ ಚಿತ್ರ ಬರೆದು, ನಾವು ಅದನ್ನು 100 ಡಿಗ್ರಿಗೆ ಎಳೆದು ಹಿಗ್ಗಿಸಿದರೆ, ದುರ್ಬೀನಿನಲ್ಲಿ ನೋಡುತ್ತ ನಡೆದ ಹಾಗಾಗುತ್ತದೆ. ಆದ್ದರಿಂದ ಆಟದ ನೋಟದ ಕೋನವನ್ನು ಮೊದಲು ಹೆಚ್ಚಿಸಿ.

ಇನ್ನೊಂದು ಮೌಸಿನ ಸೂಕ್ಷ್ಮತೆ. ತಿರುಗುವ ಕುರ್ಚಿಯಲ್ಲಿ ಕೂತು, ಆಟದಲ್ಲಿ ಒಂದು ಗುರುತು ಹಿಡಿದು, ಪೂರ್ತಿ ಒಂದು ಸುತ್ತು ತಿರುಗಿ. ನೀವು 360 ಡಿಗ್ರಿ ತಿರುಗಿದಾಗ ಆಟ 270 ಡಿಗ್ರಿ ಮಾತ್ರ ತಿರುಗಿತು ಅನ್ನಿ. ಸೂಕ್ಷ್ಮತೆಯನ್ನು 360/270, ಅಂದರೆ 4/3 ಪಟ್ಟು ಮಾಡಬೇಕು. 30 ಇದ್ದದ್ದು 40 ಆಗಲಿ. ಇದು ನಿಮ್ಮ ಗಣಿತ ಪುಸ್ತಕದ ಅನುಪಾತವೇ. ಆದರೆ ‘ಮೌಸ್ ಆಕ್ಸಿಲರೇಶನ್’ ಆರಿಸಿರಬೇಕು. ಅದು ಇದ್ದರೆ ವೇಗವಾಗಿ ತಿರುಗಿದಾಗ ಒಂದು ಉತ್ತರ, ನಿಧಾನ ತಿರುಗಿದಾಗ ಇನ್ನೊಂದು ಉತ್ತರ ಬರುತ್ತದೆ. ಅನುಪಾತ ನಿಲ್ಲುವುದೇ ಇಲ್ಲ.

ತೊಡಕು 4: ಚಿತ್ರ ತಡವರಿಸುತ್ತದೆ

2016ರಲ್ಲಿ ಮಾರುಕಟ್ಟೆಗೆ ಬಂದ ಓಕ್ಯುಲಸ್ ರಿಫ್ಟ್ ಮತ್ತು ಎಚ್‌ಟಿಸಿ ವೈವ್ ಸೆಕೆಂಡಿಗೆ 90 ಚಿತ್ರ ತೋರಿಸುತ್ತಿದ್ದವು. ಒಂದು ಚಿತ್ರಕ್ಕೆ ಸಿಗುವ ಸಮಯ 1000 ÷ 90, ಅಂದರೆ ಸುಮಾರು 11 ಮಿಲಿಸೆಕೆಂಡ್. ಎರಡು ಕಣ್ಣಿಗೆ ಸೇರಿ ಅವುಗಳಲ್ಲಿ 2160 × 1200 ಚುಕ್ಕಿಗಳು. ಗುಣಿಸಿದರೆ ಸೆಕೆಂಡಿಗೆ 23.3 ಕೋಟಿ ಚುಕ್ಕಿ. ಸೆಕೆಂಡಿಗೆ 60 ಚಿತ್ರ ತೋರಿಸುವ 1920 × 1080ರ ಮಾಮೂಲಿ ತೆರೆಗೆ ಬೇಕಾದ್ದು 12.4 ಕೋಟಿ. ತೆರೆಯ ಮೇಲೆ ಸಲೀಸಾಗಿ ಓಡುವ ಆಟ ಹೆಡ್‌ಸೆಟ್ಟಿನಲ್ಲಿ ಏಕೆ ಎಡವುತ್ತದೆ ಎಂದು ಈಗ ತಿಳಿಯಿತಲ್ಲ? ರೆಸಲ್ಯೂಶನ್ ಇಳಿಸಿ, ನೆರಳಿನ ಗುಣಮಟ್ಟ ಇಳಿಸಿ. ಆಗಲೂ ಆಗದಿದ್ದರೆ ಝಡ್ ಬಫರ್ ವಿಧಾನಕ್ಕೆ ಹೋಗಿ.

ಎಲ್ಲಕ್ಕಿಂತ ಮುಖ್ಯ: ತಲೆಸುತ್ತು

ಘಾಟಿ ಏರುವ ಬಸ್ಸಿನಲ್ಲಿ ಪುಸ್ತಕ ಓದಿದರೆ ಹೊಟ್ಟೆ ತೊಳಸುವುದುಂಟು. ಅಲ್ಲಿ ಒಳಕಿವಿ ‘ಅಲುಗುತ್ತಿದ್ದೇವೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ. ಹೆಡ್‌ಸೆಟ್ಟಿನಲ್ಲಿ ಇದು ತಿರುಗುಮುರುಗು: ಕಣ್ಣು ಓಡುತ್ತಿದೆ, ಒಳಕಿವಿ ಕೂತಲ್ಲೇ ಇದೆ. ಮೇಲಿನ ಮೂರನೇ ಮತ್ತು ನಾಲ್ಕನೇ ತೊಡಕುಗಳು ಈ ಜಗಳವನ್ನು ಹೆಚ್ಚಿಸುತ್ತವೆ. ಆದ್ದರಿಂದ ಅವನ್ನು ಸರಿಮಾಡದೆ ಆಟ ಮುಂದುವರಿಸಬಾರದು. ಬೆವರು, ಓಕರಿಕೆ ಶುರುವಾದ ಕೂಡಲೇ ಹೆಡ್‌ಸೆಟ್ ತೆಗೆಯಿರಿ. ‘ಅಭ್ಯಾಸ ಆಗುತ್ತದೆ, ತಡೆದುಕೋ’ ಅಂತ ಗೆಳೆಯರು ಹೇಳಿದರೂ ಕೇಳಬೇಡಿ. ವಯಸ್ಸಿನ ಮಿತಿಯೂ ಇದೆ. ಸೋನಿಯ ಪ್ಲೇಸ್ಟೇಶನ್ ವಿಆರ್ 12 ವರ್ಷದ ಕೆಳಗಿನವರಿಗಲ್ಲ. ಬೇರೆ ತಯಾರಕರ ಮಿತಿಯನ್ನು ಪೆಟ್ಟಿಗೆಯ ಮೇಲೆ ಓದಿಕೊಳ್ಳಿ.

ಇನ್ನೊಂದು ಮಾತು. ವೋರ್ಪ್‌ಎಕ್ಸ್ ವಿಂಡೋಸಿನದು. ಕಾಸರಗೋಡಿನ ಮಕ್ಕಳು ಶಾಲೆಯ ಲ್ಯಾಬಿನಲ್ಲಿ ಬಳಸುವ ಕೈಟ್ ಲಿನಕ್ಸ್‌ಗೆ ಮಾಡಿದ್ದಲ್ಲ, ಲ್ಯಾಬಿನಲ್ಲಿ ಹಾಕಲು ಹೋಗಬೇಡಿ. ಆದರೆ ಹೆಬ್ಬೆರಳಿಗೂ ಅನುಪಾತಕ್ಕೂ ಹೆಡ್‌ಸೆಟ್ ಬೇಡ. ಕೆಟ್ಟ ಸೈಕಲ್ ಡೈನಮೋ ಇರಲಿ, ಪ್ರಿಂಟರ್ ಇರಲಿ, ತೊಡಕು ಹುಡುಕುವ ದಾರಿ ಇದೇ.

ಅಭ್ಯಾಸ

1. ನೀವು 360 ಡಿಗ್ರಿ ತಿರುಗಿದಾಗ ಆಟ 240 ಡಿಗ್ರಿ ತಿರುಗಿತು. ಸೂಕ್ಷ್ಮತೆ 30 ಇದೆ. ಎಷ್ಟು ಮಾಡಬೇಕು?
2. ಸೆಕೆಂಡಿಗೆ 72 ಚಿತ್ರ ತೋರಿಸುವ ಹೆಡ್‌ಸೆಟ್ಟಿನಲ್ಲಿ ಒಂದು ಚಿತ್ರಕ್ಕೆ ಎಷ್ಟು ಮಿಲಿಸೆಕೆಂಡ್?
3. ಗೆಳೆಯನೊಬ್ಬ ಒಟ್ಟಿಗೆ ಮೂರು ಸೆಟ್ಟಿಂಗ್ ಬದಲಾಯಿಸಿದ, ಆಟ ಸರಿಹೋಯಿತು. ಅವನಿಗೆ ಕಾರಣ ಗೊತ್ತಾಯಿತೇ? ಗೊತ್ತಾಗಲು ಇನ್ನೇನು ಮಾಡಬೇಕು? ತರಗತಿಯಲ್ಲಿ ಚರ್ಚಿಸಿ.

ಉತ್ತರ: 1) 45. 2) ಸುಮಾರು 13.9.