ದೋಣಿಯ ಅಪಘಾತವೂ ಠಾಣೆಯ ಕಾಗದದ ಮೇಲಣ ಸಹಿಯೂ

ನೀರಿನಲ್ಲಿ ಎಂಜಿನ್ ದೋಣಿಯ ಪೆಟ್ಟಿನಿಂದಲೋ, ಮಿತಿಮೀರಿ ಜನರನ್ನು ತುಂಬಿದ ದೋಣಿ ಮಗುಚಿಯೋ ಪ್ರಾಣ ಕಳೆದುಕೊಂಡವರ ಮನೆಯವರು ನ್ಯಾಯಾಲಯದ ಮೆಟ್ಟಿಲೇರುವ ಹೊತ್ತಿಗೆ, ಅವರ ಹಕ್ಕಿನ ಬಹುಭಾಗವು ಶವಪರೀಕ್ಷೆಯ ದಿನವೇ ಕೈಜಾರಿ ಹೋಗಿರುವುದನ್ನು ಕಂಡು ವ್ಯಥೆಪಟ್ಟು ಈ ಮಾತುಗಳನ್ನು ಬರೆಯುತ್ತಿದ್ದೇನೆ.

ಉದಾಹರಣೆಗೆ, ಬೆಳಗಾವಿ ಜಿಲ್ಲೆಯ ಧುಪದಾಳದಲ್ಲಿ ಘಟಪ್ರಭಾ ನದಿಗೆ ಅಡ್ಡಲಾಗಿ 1897ರಲ್ಲಿ ಪೂರ್ಣಗೊಂಡ ಒಡ್ಡಿನ ಹಿಂದೆ ನಿಂತ ನೀರು ಮೇಲ್ನೋಟಕ್ಕೆ ಶಾಂತವಾಗಿ ತೋರುವುದಾದರೂ, ಮೇಲ್ಭಾಗದ ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗ ಅದರ ಸೆಳೆತವು ಒಡ್ಡಿನ ಕಡೆಗೇ ಎಳೆಯುತ್ತದೆ. ಅಂತಹ ನೀರಿನಲ್ಲಿ ಈಜುವ ಹುಡುಗರ ನಡುವೆ ಎಂಜಿನ್ ದೋಣಿಯನ್ನು ನಡೆಸುವವನು ವೇಗವನ್ನು ತಗ್ಗಿಸಿದರೆ ಸಾಲದು. ಅವರಿಂದ ದೂರ ಸರಿಯಬೇಕು, ಮುಳುಗುತ್ತಿರುವವನನ್ನು ಎತ್ತಿಕೊಳ್ಳುವಾಗಲಂತೂ ಎಂಜಿನ್ನನ್ನು ಸಂಪೂರ್ಣವಾಗಿ ನಿಲ್ಲಿಸಿ, ಹಿಂಭಾಗದ ಪಂಖವು ಅವನತ್ತ ತಿರುಗದಂತೆ ನೋಡಿಕೊಂಡು, ಪಕ್ಕದಿಂದಲೇ ಎತ್ತಬೇಕು. ಗೇರು ತಪ್ಪಿಸಿ ಎಂಜಿನ್ನನ್ನು ಗುರುಗುಟ್ಟಲು ಬಿಡುವುದು ಸಾಲದು, ಕೈ ತಾಗಿದೊಡನೆ ಗೇರು ಬಿದ್ದೀತು. ಈ ಹಿನ್ನೀರು ಪಕ್ಷಿಧಾಮವೂ ಆಗಿರುವುದರಿಂದ, ದೋಣಿ ಇಳಿಸುವ ಮುನ್ನ ಅರಣ್ಯ ಇಲಾಖೆಯನ್ನು ಕೇಳದೆ ಹೊರಟವನು ಬೇರೊಂದು ತೊಡಕನ್ನು ಮೈಮೇಲೆ ಎಳೆದುಕೊಳ್ಳುವನು.

2021ರ ಒಳನಾಡು ನೌಕಾ ಅಧಿನಿಯಮದ ಮೇರೆಗೆ ಯಂತ್ರಚಾಲಿತ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಇವೆಲ್ಲವೂ ಬೇಕು. ನಡೆಸುವವನಿಗೆ ಅರ್ಹತಾಪತ್ರ ಬೇಕು. ಹತ್ತುವ ಮುನ್ನ ಎಷ್ಟು ಮಂದಿಗೆ ಅನುಮತಿಯಿದೆಯೆಂದು ಕೇಳುವುದೂ, ಜೀವರಕ್ಷಕ ಕವಚವನ್ನು ಮಕ್ಕಳಿಗೆ ಪಟ್ಟಿ ಬಿಗಿದು ತೊಡಿಸುವುದೂ ನಿಮ್ಮ ಹಕ್ಕು. ಮಿತಿಮೀರಿ ಜನರನ್ನು ತುಂಬಿದ್ದರಿಂದಲೇ 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ ಪ್ರಾಣ ತೆತ್ತರು. ಬಾಡಿಗೆಗೆ ಅಸುರಕ್ಷಿತ ದೋಣಿಯಲ್ಲಿ ಜನರನ್ನು ಒಯ್ಯುವುದು ಭಾರತೀಯ ನ್ಯಾಯ ಸಂಹಿತೆಯ 284ನೇ ಕಲಮಿನ ಅಪರಾಧ. ಇತರರ ಜೀವಕ್ಕೆ ಅಪಾಯವಾಗುವಂತೆ ದುಡುಕಿನಿಂದ ನಡೆಸುವುದು 282ನೇ ಕಲಮಿನದು. ನಿರ್ಲಕ್ಷ್ಯದಿಂದ ಮರಣವಾದರೆ 106ನೆಯದು, ಅದಕ್ಕೆ ಐದು ವರ್ಷಗಳವರೆಗೆ ಕಾರಾವಾಸವಿದೆ. 2024ರ ಜುಲೈ 1ಕ್ಕೆ ಮುನ್ನ ನಡೆದ ಘಟನೆಗಳಿಗೆ ಮಾತ್ರ ಹಳೆಯ ದಂಡಸಂಹಿತೆಯೇ ಅನ್ವಯಿಸುವುದು.

ಆದರೆ ಈ ಕಲಮುಗಳೆಲ್ಲ ನಿಷ್ಫಲವಾಗುವುದು ಒಂದೇ ವಾಕ್ಯದಿಂದ. ಶವವನ್ನು ಬೇಗ ಬಿಡಿಸಿಕೊಡುವೆವೆಂದು ನಂಬಿಸಿ, ‘ಮೃತನು ಕಾಲು ಜಾರಿ ನೀರಿಗೆ ಬಿದ್ದು ತೀರಿಕೊಂಡಿದ್ದು, ಯಾರ ಮೇಲೂ ಸಂಶಯವಿರುವುದಿಲ್ಲ’ ಎಂದು ಸಿದ್ಧವಾಗಿ ಬರೆದಿಟ್ಟ ದೂರಿಗೆ ಶೋಕದಲ್ಲಿ ಮುಳುಗಿದ ತಂದೆಯ ಹೆಬ್ಬೆಟ್ಟನ್ನು ಒತ್ತಿಸಿಕೊಳ್ಳುವ ಪದ್ಧತಿಯು ನನಗೆ ಅಸಹ್ಯವೆನಿಸುವಷ್ಟು ಸಾಮಾನ್ಯವಾಗಿದೆ. ಅಲ್ಲಿಗೆ ಅದು ಅಸ್ವಾಭಾವಿಕ ಮರಣದ ಪ್ರಕರಣವಾಗಿ ದಾಖಲಾಗಿ, ದೋಣಿಯವನ ಹೆಸರೇ ಕಡತದಲ್ಲಿ ಇಲ್ಲವಾಗುತ್ತದೆ. ಒಬ್ಬ ತಾಯಿ ನನ್ನ ಬಳಿಗೆ ತಂದ ಅಂತಹ ದೂರಿನ ಪ್ರತಿಯಲ್ಲಿ ಮಗನ ಬೆನ್ನಿನ ಮೇಲೆ, ದೋಣಿಯ ಪಂಖ ಬಡಿದಾಗ ಆಗುವಂತೆ, ಒಂದೇ ಅಂತರದಲ್ಲಿ ಸಾಲಾಗಿ ಬಿದ್ದ ಗಾಯಗಳ ವಿವರವಿತ್ತು. ಅದರ ಕೆಳಗೆಯೇ ‘ಸಂಶಯವಿಲ್ಲ’ ಎಂಬ ಮಾತೂ ಇತ್ತು. ಓದಿಸಿ ಕೇಳದೆ ಸಹಿ ಮಾಡಬೇಡಿರಿ. ಮಾಡಿದ್ದಾಯಿತೆಂದು ಕೈಚೆಲ್ಲಲೂ ಬೇಡಿರಿ: ಅದು ಅಂತಿಮವಲ್ಲ, ಹೊಸ ದೂರನ್ನು ಕೊಡಬಹುದು. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯ ಮೂಲಕ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಎಫ್‌ಐಆರ್‌ನ ಪ್ರತಿಯು ದೂರುದಾರನಿಗೆ ಉಚಿತ. ಅದಕ್ಕೆ ಹಣ ಕೇಳುವವನಿಗೆ ಕೊಡಬೇಡಿರಿ.

ಎರಡನೆಯ ಹಾನಿ ದಲ್ಲಾಳಿಗಳಿಂದ. ‘ಮೋಟಾರು ಅಪಘಾತದ ನ್ಯಾಯಮಂಡಳಿಯಲ್ಲಿ ಪರಿಹಾರ ಕೊಡಿಸುತ್ತೇನೆ’ ಎಂದು ಮುಂಗಡ ವಸೂಲು ಮಾಡುವವನು ತಿಳಿಯದವನೋ ವಂಚಕನೋ ಆಗಿರಬೇಕು: ಆ ಮಂಡಳಿಯು ರಸ್ತೆಯ ವಾಹನಗಳಿಗೆ, ದೋಣಿಗಲ್ಲ. ಹಣ ಕೊಟ್ಟು ದೋಣಿ ಹತ್ತಿದ ಪ್ರಯಾಣಿಕನು ಗ್ರಾಹಕನಾಗಿರುವುದರಿಂದ, ಅವನೋ ಅವನ ವಾರಸುದಾರರೋ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಡಬಹುದು. ಟಿಕೆಟ್ಟಿನಂತಹ ಅಲ್ಪ ಮೊತ್ತದ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ, ವಕೀಲನೂ ಅನಿವಾರ್ಯವಲ್ಲ. ಆದುದರಿಂದ ಆ ಚೀಟಿಯನ್ನೂ, ಫೋನಿನಿಂದ ಹಣ ಕೊಟ್ಟ ದಾಖಲೆಯನ್ನೂ ಕಾಪಾಡಿರಿ. ಆದರೆ ನೀರಿನಲ್ಲಿ ಈಜುತ್ತಿದ್ದು ಪೆಟ್ಟು ತಿಂದವನು ಯಾರಿಂದಲೂ ಸೇವೆಯನ್ನು ಕೊಂಡವನಲ್ಲ. ಅವನು ಮಡಿದರೆ 1855ರ ಮಾರಕ ಅಪಘಾತಗಳ ಅಧಿನಿಯಮದ ಮೇರೆಗೆ ಸಿವಿಲ್ ದಾವೆಯೇ ಗತಿ, ಅದರ ಅವಧಿಯೂ ಮರಣದ ದಿನದಿಂದ ಎರಡೇ ವರ್ಷ. ಪೊಲೀಸ್ ಪ್ರಕರಣದ ತೀರ್ಪು ಬರಲೆಂದು ಕಾಯುತ್ತ ಕುಳಿತು ಈ ಅವಧಿಯನ್ನು ಕಳೆದುಕೊಂಡ ಕುಟುಂಬಗಳು ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಗಳಲ್ಲಿ ಇಲ್ಲದಿಲ್ಲ.

ದೋಣಿಯ ನೋಂದಣಿ, ತಪಾಸಣೆಗಳ ಪ್ರತಿಗಾಗಿ ಮಾಹಿತಿ ಹಕ್ಕಿನ ಅರ್ಜಿಯನ್ನು 10 ರೂಪಾಯಿ ಶುಲ್ಕದೊಡನೆ ಕೂಡಲೇ ಹಾಕಿರಿ. ವಕೀಲರ ಖರ್ಚಿಗೆ ಹೆದರುವವರು ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬೇಕು, ಇಲ್ಲವೇ 15100ಕ್ಕೆ ಕರೆ ಮಾಡಬೇಕು. ಹೆಂಗಸರಿಗೂ ಮಕ್ಕಳಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರನ್ನು ಉಚಿತವಾಗಿ ನೇಮಿಸಿಕೊಡುತ್ತಾರೆ.