ಕೌದಿಯ ಹೊಲಿಗೆಯಲ್ಲಿ ಮೇಜಿನ ಹಾಸು

ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿಯುವುದು ಉತ್ತರ ಕರ್ನಾಟಕದ ಮನೆಗಳಿಗೆ ಹೊಸದೇನಲ್ಲ. ಅದೇ ಹೊಲಿಗೆಯಿಂದ ಮೇಜಿನ ನಡುವೆ ಹಾಸುವ ನೀಳವಾದ ಪಟ್ಟಿಯನ್ನೂ ಸಿದ್ಧಪಡಿಸಬಹುದು. 72 ಅಂಗುಲದ ಮೇಜಿಗೆ 84 ಅಂಗುಲ ಉದ್ದ, 14 ಅಂಗುಲ ಅಗಲ ಸಾಕು. ತುದಿಗಳಲ್ಲಿ ಆರಾರು ಅಂಗುಲ ಇಳಿಬಿದ್ದರೆ ಶೋಭಿಸುತ್ತದೆ. ಹೊಲಿದಂತೆ ಬಟ್ಟೆಯು ಸೆಳೆದುಕೊಳ್ಳುವುದರಿಂದ ಕತ್ತರಿಸುವಾಗ ಸುತ್ತಲೂ ಒಂದಂಗುಲ ಹೆಚ್ಚಿಗೆ ಬಿಡತಕ್ಕದ್ದು.

ಹೊಸ ಹತ್ತಿಬಟ್ಟೆಯನ್ನು ನೆನೆಸಿ ಒಣಗಿಸದೆ ಸೂಜಿ ಹಿಡಿಯಲಾಗದು. ಒಮ್ಮೆ ನಾನು ಆತುರಪಟ್ಟು, ದಿವಂಗತ ತಂದೆಯವರ ಬಿಳಿಯ ಧೋತರಕ್ಕೆ ಹೊಸ ಕೆಂಪು ಅಂಚನ್ನು ಕೂಡಿಸಿದೆನು. ಮೊದಲ ಒಗೆತದಲ್ಲಿಯೇ ಅಂಚು ಕುಗ್ಗಿ ನಡುಭಾಗ ಉಬ್ಬಿತು. ಬಣ್ಣ ಬಿಳುಪಿನ ಮೇಲೆಲ್ಲ ಹರಡಿತು. ಮನೆಯಲ್ಲಿ ಉಳಿದಿದ್ದುದು ಅದೊಂದೇ ಧೋತರ.

ಹಳಿಯಾಳ, ಯಲ್ಲಾಪುರ ಭಾಗದ ಸಿದ್ದಿ ಮಹಿಳೆಯರು ತಮ್ಮ ಕವಂದಿಯನ್ನು ಅಂಚಿನಿಂದ ತೊಡಗಿ ಸುತ್ತುಸುತ್ತಾಗಿ ನಡುವಿಗೆ ತರುತ್ತಾರೆ. ಆ ಕೈವಾಡ ನಮಗೆಲ್ಲಿಯದು! ಕಲಿಯುವವರು ಪದರಗಳನ್ನು ಉದ್ದನೆಯ ಕಚ್ಚಾ ಹೊಲಿಗೆಯಿಂದ ಬಂಧಿಸಿ, ನಡುವಿನಿಂದ ತುದಿಗೆ ಸಾಗುವುದು ಲೇಸು. ಸುಕ್ಕುಗಳು ಹೊರಕ್ಕೆ ಸರಿಯುತ್ತವೆ. ಒಳಪದರಕ್ಕೆ ತೆಳುವಾದ ಹಳೆಯ ಬಟ್ಟೆಯೇ ಯೋಗ್ಯ. ಅರಳೆ ತುಂಬಿದರೆ ಹಾಸು ಮೆತ್ತಗಾಗುವುದೇನೋ ನಿಜ, ಆದರೆ ಅದರ ಮೇಲೆ ಹಾಲಿನ ಲೋಟ ನೆಟ್ಟಗೆ ನಿಲ್ಲದು.