ಮೂಳೆಯ ಗಟ್ಟಿತನ ಅಳೆಯುವುದು ಹೇಗೆ?

ಯಲಹಂಕಕ್ಕೆ ದೂರವೇನಲ್ಲದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವಕೋಶಗಳಿಂದ ಮೂಳೆ ಅಂಗಾಂಶ ಬೆಳೆಸುವ ಸಂಶೋಧನೆ ನಡೆದಿದೆ. ಹಾಗೆ ಬೆಳೆದದ್ದು ಮೂಳೆಯಂತೆ ಗಟ್ಟಿಯಾಗುತ್ತಿದೆಯೇ? ಅಲಿಜರಿನ್ ಬಣ್ಣ ಹಾಕಿದರೆ ಕ್ಯಾಲ್ಸಿಯಂ ಇರುವ ಕಡೆ ಕೆಂಪಾಗುತ್ತದೆ. ಖನಿಜದ ಪ್ರಮಾಣವನ್ನು ಮೈಕ್ರೋ ಸಿ.ಟಿ. ಅಳೆಯುತ್ತದೆ, ಖನಿಜ ಹೆಚ್ಚಿದಷ್ಟೂ ಎಕ್ಸ್-ರೇ ಕಿರಣಕ್ಕೆ ತಡೆ ಹೆಚ್ಚು.

ನಿಮ್ಮ ಡೆಕ್ಸಾ ಪರೀಕ್ಷೆಯ ತತ್ತ್ವವೂ ಇದೇ. ಸೂಜಿಯಿಲ್ಲ, ನೋವಿಲ್ಲ. ಮುಟ್ಟು ನಿಂತ ತಾಯಂದಿರು ಮತ್ತು 50 ದಾಟಿದ ಗಂಡಸರು ವರದಿಯಲ್ಲಿ ಟಿ-ಸ್ಕೋರ್ ನೋಡಿಕೊಳ್ಳಿ:

* -1 ಅಥವಾ ಮೇಲೆ: ಸರಿಯಾಗಿದೆ.
* -1 ಮತ್ತು -2.5ರ ನಡುವೆ: ಸಾಂದ್ರತೆ ಕಡಿಮೆ.
* -2.5 ಅಥವಾ ಕೆಳಗೆ: ಆಸ್ಟಿಯೋಪೊರೋಸಿಸ್.

ಮೂಳೆ ಸದ್ದಿಲ್ಲದೆ ಸವೆಯುತ್ತದೆ. ನೋವಿಲ್ಲವೆಂದು ಮಾತ್ರೆ ನಿಲ್ಲಿಸಬೇಡಿ. ಜೊತೆಗಿರುವವರೇ, ಬಚ್ಚಲು ಒಣಗಿಸಿಡಿ, ರಾತ್ರಿ ದೀಪ ಉರಿಸಿಡಿ. ಒಮ್ಮೆ ಜಾರಿದರೂ ಸೊಂಟದ ಮೂಳೆ ಮುರಿಯಬಹುದು.